ಉಡುಪಿನ ಪತ್ರಿಕೆಗೆ ವರ್ಷದ ಚಂದಾ: ಲಾಭವೇ, ನಷ್ಟವೇ?



ಮಗನು ಓದು ಮುಗಿಸಿ ಬೆಂಗಳೂರಿನಲ್ಲಿ ನೌಕರಿಗೆ ಸೇರಿದ್ದಾನೆ. ಸಂಬಳ ಕೈಸೇರಿದ ಕೆಲವೇ ತಿಂಗಳಲ್ಲಿ, ಪುರುಷರ ಉಡುಪು, ಅಲಂಕಾರ ಮತ್ತು ಜೀವನಶೈಲಿಗೆ ಮೀಸಲಾದ ಇಂಗ್ಲಿಷ್ ಪತ್ರಿಕೆಯೊಂದಕ್ಕೆ ವರ್ಷದ ಚಂದಾ ಕಟ್ಟುವುದಾಗಿ ಮನೆಯಲ್ಲಿ ಹೇಳುತ್ತಾನೆ. ತಂದೆಗೆ ಅದು ದುಂದುವೆಚ್ಚ. ತಾಯಿಗೆ ಅದು ಹರೆಯದ ಸಹಜ ಬಯಕೆ. ಅಜ್ಜನಿಗಂತೂ ಆ ನುಣುಪು ಕಾಗದದ ಚಿತ್ರಗಳನ್ನು ಕಂಡರೇ ಕಸಿವಿಸಿ. ಇಂಥ ಸಂದರ್ಭ ಇಂದು ನಮ್ಮ ಅನೇಕ ಮನೆಗಳಲ್ಲಿ ಒದಗುತ್ತಿದೆ. ಈ ಬಗೆಯ ಪತ್ರಿಕೆಗಳಲ್ಲಿ ಹೆಸರಾದ ‘ಜಿಕ್ಯೂ’ 2008ರಲ್ಲಿ ಭಾರತೀಯ ಆವೃತ್ತಿಯನ್ನು ಆರಂಭಿಸಿದ ಮೇಲೆ ಇದು ಪರದೇಶದ ಮಾತಾಗಿಯೂ ಉಳಿದಿಲ್ಲ. ಆದ್ದರಿಂದ ಈ ಸಲ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದೇವೆ. ಕೊಟ್ಟ ಹಣಕ್ಕೆ ಇಂಥ ಪತ್ರಿಕೆಯಿಂದ ತಕ್ಕ ಫಲವಿದೆಯೇ?

ಯಾವುದೇ ವಸ್ತುವಿನ ಸ್ವಭಾವವನ್ನು ತಿಳಿಯಬೇಕಾದರೆ ಮೊದಲು ಅದರ ಹುಟ್ಟನ್ನು ಅರಿಯಬೇಕು. 1931ರಲ್ಲಿ ಅಮೇರಿಕೆಯಲ್ಲಿ ‘ಅಪ್ಯಾರಲ್ ಆರ್ಟ್ಸ್’ ಎಂಬ ಪತ್ರಿಕೆ ಹೊರಟಿತು. ಅದು ಸಾಮಾನ್ಯ ಓದುಗರಿಗಾಗಿ ಹೊರಟದ್ದಲ್ಲ. ಗಂಡಸರ ಬಟ್ಟೆ ಮಾರುವ ವರ್ತಕರಿಗಾಗಿ, ದರ್ಜಿಗಳಿಗಾಗಿ ಹೊರಟದ್ದು. ಅದರಲ್ಲಿ ಬಟ್ಟೆಯ ತುಣುಕುಗಳನ್ನೇ ಮಾದರಿಗಾಗಿ ಅಂಟಿಸಿರುತ್ತಿದ್ದರು. ಅಂಗಡಿಗೆ ಬಂದ ಗಿರಾಕಿಗಳು ಗಲ್ಲೆಯ ಮೇಲಿದ್ದ ಆ ಸಂಚಿಕೆಯನ್ನು ತಿರುವಿ ಹಾಕಿ, ಬಟ್ಟೆಯೊಡನೆ ಅದನ್ನೂ ಒಯ್ಯಲು ಬಯಸತೊಡಗಿದರು. ಈ ಆಸೆಯನ್ನು ಕಂಡುಕೊಂಡ ಅದೇ ಬಳಗದವರು 1933ರಲ್ಲಿ ಓದುಗರಿಗಾಗಿಯೇ ‘ಎಸ್ಕ್ವೈರ್’ ಎಂಬ ಪತ್ರಿಕೆಯನ್ನು ಹೊರತಂದರು. ಅದು ಅಮೇರಿಕೆಯಲ್ಲಿ ಮಹಾ ಆರ್ಥಿಕ ಮುಗ್ಗಟ್ಟಿನ ಕಾಲ. ಹೆಸರಾಂತ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ವಾರಪತ್ರಿಕೆ 5 ಸೆಂಟಿಗೆ ದೊರೆಯುತ್ತಿದ್ದಾಗ ಇದರ ಬೆಲೆ 50 ಸೆಂಟು. ಮೊದಲ ಸಂಚಿಕೆಯ ಹೆಚ್ಚಿನ ಪ್ರತಿಗಳನ್ನು ಬಟ್ಟೆಯಂಗಡಿಗಳ ಮೂಲಕವೇ ಮಾರಬೇಕೆಂದು ಯೋಜಿಸಲಾಗಿತ್ತು. ಮೂಲದ ‘ಅಪ್ಯಾರಲ್ ಆರ್ಟ್ಸ್’ನ ಬಳ್ಳಿಯಿಂದಲೇ 1957ರಲ್ಲಿ ‘ಜಂಟಲ್‌ಮೆನ್ಸ್ ಕ್ವಾರ್ಟರ್ಲಿ’ ಎಂಬ ತ್ರೈಮಾಸಿಕ ಚಿಗುರಿತು. ಇಂದಿನ ಜಿಕ್ಯೂ ಅದೇ. ಇತ್ತ ಇಂಗ್ಲೆಂಡಿನಲ್ಲಿ 1985ರಲ್ಲಿ ಹುಟ್ಟಿ, ಮುಂದೆ ‘ಎಫ್‌ಎಚ್‌ಎಂ’ ಎಂದು ಹೆಸರಾದ ‘ಫಾರ್ ಹಿಮ್’ ಪತ್ರಿಕೆಯೂ ಮೊದಮೊದಲು ಗಂಡಸರ ಉಡುಪಿನ ಅಂಗಡಿಗಳ ಮೂಲಕವೇ ಹಂಚಿಕೆಯಾಗುತ್ತಿತ್ತು.

ಇಷ್ಟನ್ನು ಹೇಳಲು ಕಾರಣವಿದೆ. ಈ ಪತ್ರಿಕೆಗಳ ಬೇರು ಅಂಗಡಿಯ ಗಲ್ಲೆಯಲ್ಲಿದೆ. ಹಾಗೆಂದ ಮಾತ್ರಕ್ಕೆ ಅವು ತ್ಯಾಜ್ಯವೆಂದು ನಾವು ಹೇಳುತ್ತಿಲ್ಲ. ಅಂಗಡಿಯವನೂ ಪ್ರಾಮಾಣಿಕನಾಗಿರಬಲ್ಲನು; ಒಳ್ಳೆಯ ಬಟ್ಟೆ ಯಾವುದೆಂದು ನಮಗಿಂತ ಚೆನ್ನಾಗಿ ಬಲ್ಲನು. ಆದರೆ ಅವನು ಹೇಳುವ ಮಾತನ್ನು ಅಂಗಡಿಯವನ ಮಾತೆಂದೇ ತಿಳಿದು ಕೇಳುವುದು ವಿವೇಕ. ಅದನ್ನೇ ಹಿತೈಷಿ ಬಂಧುವಿನ ಬುದ್ಧಿವಾದವೆಂದು ನಂಬಿದಾಗ ನಷ್ಟ ಆರಂಭವಾಗುತ್ತದೆ.

ಇನ್ನು ಈ ಪತ್ರಿಕೆಗಳ ಗುಣಪಕ್ಷವನ್ನು ಹೇಳದಿದ್ದರೆ ಅನ್ಯಾಯವಾದೀತು. ಬರೀ ಅಂಗಿ ಕೋಟುಗಳ ಚಿತ್ರ ನೋಡಲು ಗಂಡಸರು ಸಂಕೋಚಪಟ್ಟಾರೆಂದು ಅರಿತ ಎಸ್ಕ್ವೈರ್‌ನ ಸಂಪಾದಕ ಆರ್ನಾಲ್ಡ್ ಗಿಂಗ್ರಿಚ್, ಪತ್ರಿಕೆಗೆ ತೂಕ ಬರಲೆಂದು ಶ್ರೇಷ್ಠ ಲೇಖಕರನ್ನು ಬರೆಯಲು ಕರೆದರು. ಅರ್ನೆಸ್ಟ್ ಹೆಮಿಂಗ್ವೆ ಮೊದಲ ಸಂಚಿಕೆಯಿಂದಲೇ ಬರೆದರು. ಅವರ ಪ್ರಖ್ಯಾತ ಕಥೆ ‘ದಿ ಸ್ನೋಸ್ ಆಫ್ ಕಿಲಿಮಂಜಾರೊ’ 1936ರಲ್ಲಿ ಬೆಳಕು ಕಂಡದ್ದು ಇದೇ ಪತ್ರಿಕೆಯಲ್ಲಿ. 1966ರಲ್ಲಿ ಗೇ ಟಲೀಸ್ ಎಂಬ ಲೇಖಕರು ಗಾಯಕ ಫ್ರಾಂಕ್ ಸಿನಾತ್ರಾ ಅವರನ್ನು ಕುರಿತು ಬರೆದ ದೀರ್ಘ ಲೇಖನವೂ ಇದರಲ್ಲಿಯೇ ಪ್ರಕಟವಾಯಿತು. ಗಾಯಕನು ಸಂದರ್ಶನ ಕೊಡಲಿಲ್ಲ. ಲೇಖಕರು ಆತನ ಸುತ್ತಲಿನ ಜನರನ್ನು ಮಾತನಾಡಿಸಿ, ದೂರದಿಂದ ಆತನನ್ನು ನೋಡಿ ನೋಡಿ, ತಿಂಗಳುಗಟ್ಟಲೆ ಶ್ರಮಿಸಿ ಅದನ್ನು ಬರೆದರು. ಪತ್ರಿಕಾವೃತ್ತಿಯನ್ನು ಕಲಿಯುವವರು ಇಂದಿಗೂ ಅದನ್ನು ಓದುತ್ತಾರೆ. ಟಲೀಸ್ ಅವರ ತಂದೆ ಇಟಲಿಯಿಂದ ಬಂದು ಅಮೇರಿಕೆಯಲ್ಲಿ ನೆಲೆಸಿದ ದರ್ಜಿ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ತಂದೆ ಸೂಜಿಯಿಂದ ಮಾಡಿದ ಕುಸುರಿ ಕೆಲಸವನ್ನು ಮಗ ಲೇಖನಿಯಿಂದ ಮಾಡಿದರು. ಬಟ್ಟೆಯ ಜಾಹೀರಾತುಗಳ ನಡುವೆ ಇಂಥ ಬರೆಹಗಳೂ ಬಂದಿವೆಯೆಂಬುದನ್ನು ಅಜ್ಜಂದಿರು ಗಮನಿಸಬೇಕು.

ಈಗ ಹಣದ ಲೆಕ್ಕಕ್ಕೆ ಬರೋಣ. ವರ್ಷದ ಚಂದಾ ಬಿಡಿ ಪ್ರತಿಗಳ ಒಟ್ಟು ಬೆಲೆಗಿಂತ ಬಹಳ ಕಡಿಮೆಯಿರುತ್ತದೆ. ‘ಅರ್ಧಕ್ಕರ್ಧ ಉಳಿತಾಯ’ ಎಂಬ ಪ್ರಕಟಣೆಯನ್ನು ಕಂಡು ಯುವಕರು ಹಿಗ್ಗುತ್ತಾರೆ. ಇಷ್ಟು ದುಬಾರಿಯ ಕಾಗದ, ಇಷ್ಟೊಂದು ಬಣ್ಣದ ಮುದ್ರಣ, ಇಷ್ಟು ಅಗ್ಗಕ್ಕೆ ಹೇಗೆ ಸಾಧ್ಯ? ಉತ್ತರ ಸರಳವಾಗಿದೆ. ಪತ್ರಿಕೆಯ ಮುಖ್ಯ ಆದಾಯ ಓದುಗನಿಂದ ಬರುವುದಿಲ್ಲ, ಜಾಹೀರಾತುದಾರನಿಂದ ಬರುತ್ತದೆ. ಕೈಗಡಿಯಾರ, ಸುಗಂಧ, ಮೋಟಾರು ಮಾರುವವರಿಗೆ ಪತ್ರಿಕೆಯು ತನ್ನ ಓದುಗರ ಸಂಖ್ಯೆಯನ್ನು ತೋರಿಸಿ ಪುಟಗಳನ್ನು ಮಾರುತ್ತದೆ. ಚಂದಾದಾರನು ತಾನು ಕೊಳ್ಳುವವನೆಂದು ತಿಳಿದಿರುತ್ತಾನೆ. ಆ ವ್ಯಾಪಾರದಲ್ಲಿ ಅವನೂ ಒಂದು ಸರಕು.

ಅಂಚೆಯ ರಿಯಾಯಿತಿಯೂ ಈ ಅಗ್ಗದ ದರಕ್ಕೆ ಒಂದು ಆಧಾರವಾಗಿತ್ತು. 1943ರಲ್ಲಿ ಅಮೇರಿಕೆಯ ಅಂಚೆ ಇಲಾಖೆಯ ಮುಖ್ಯಸ್ಥರು, ಎಸ್ಕ್ವೈರ್ ಪತ್ರಿಕೆಯಲ್ಲಿ ಅಸಭ್ಯ ಚಿತ್ರಗಳೂ ಹಾಸ್ಯಗಳೂ ಇವೆಯೆಂದು ಆಕ್ಷೇಪಿಸಿ ಅದಕ್ಕಿದ್ದ ಅಂಚೆ ರಿಯಾಯಿತಿಯನ್ನು ರದ್ದುಪಡಿಸಿದರು. ಇದರಿಂದ ಪತ್ರಿಕೆಗೆ ವರ್ಷಕ್ಕೆ ಸುಮಾರು 5 ಲಕ್ಷ ಡಾಲರುಗಳ ಹೆಚ್ಚುವರಿ ಹೊರೆ ಬೀಳುವಂತಾಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1946ರಲ್ಲಿ ತೀರ್ಪು ಪತ್ರಿಕೆಯ ಪರವಾಗಿ ಬಂದಿತು. ಜನರ ಅಭಿರುಚಿ ಹೇಗಿರಬೇಕೆಂದು ವಿಧಿಸುವುದು ಅಂಚೆಯ ಅಧಿಕಾರಿಯ ಕೆಲಸವಲ್ಲ ಎಂಬುದು ಆ ತೀರ್ಪಿನ ಸಾರ. ಮನೆಯ ಹಿರಿಯರಿಗೂ ಇದರಲ್ಲೊಂದು ಪಾಠವಿದೆ. ಅಭಿರುಚಿಯನ್ನು ಅಪ್ಪಣೆಯಿಂದ ತಿದ್ದಲಾಗದು. ಸಂಚಿಕೆಯನ್ನು ಹರಿದೆಸೆದ ತಂದೆಯ ಮುಂದೆ ಮಗನು ಮೌನವಾಗುತ್ತಾನೆಯೇ ಹೊರತು ಮನಸ್ಸು ಬದಲಿಸುವುದಿಲ್ಲ. ಆ ಮೌನದ ಬೆಲೆ ಯಾವ ಚಂದಾಕ್ಕಿಂತಲೂ ಹೆಚ್ಚು.

ಕಾಲವೂ ಬದಲಾಗಿದೆ. ಓದುಗರೂ ಜಾಹೀರಾತುದಾರರೂ ಮೊಬೈಲಿನ ಪರದೆಗೆ ಸರಿದ ಮೇಲೆ ಈ ಪತ್ರಿಕೆಗಳ ನೆಲೆ ಅಲುಗಾಡಿದೆ. 2015ರಲ್ಲಿ ಇಂಗ್ಲೆಂಡಿನ ಎಫ್‌ಎಚ್‌ಎಂ ನಿಲ್ಲುವುದೆಂದು ಪ್ರಕಟವಾಯಿತು. ಅಮೇರಿಕೆಯ ‘ಡೀಟೇಲ್ಸ್’ ಪತ್ರಿಕೆಯನ್ನು ಮುಚ್ಚುವ ನಿರ್ಧಾರವೂ ಅದೇ ವರ್ಷ ಹೊರಬಿತ್ತು. ದೀರ್ಘಕಾಲ ಮಾಸಿಕವಾಗಿದ್ದ ಎಸ್ಕ್ವೈರ್ ಕೂಡ ಈಗ ವರ್ಷಕ್ಕೆ 12 ಸಂಚಿಕೆಗಳನ್ನು ತರುತ್ತಿಲ್ಲ. ಆದ್ದರಿಂದ ಚಂದಾ ಕಟ್ಟುವವರು ಮೊದಲು ಕೇಳಬೇಕಾದದ್ದು, ವರ್ಷಕ್ಕೆ ಎಷ್ಟು ಸಂಚಿಕೆ ಬರುತ್ತವೆ ಎಂಬುದನ್ನು.

ಇಲ್ಲಿಯವರೆಗೆ ಹೇಳಿದ್ದು ರೂಪಾಯಿ ಪೈಸೆಯ ನಷ್ಟದ ಮಾತು. ಅದಕ್ಕಿಂತ ಗಹನವಾದ ಇನ್ನೊಂದು ನಷ್ಟವಿದೆ. ಇಪ್ಪತ್ತೈದರ ತರುಣನೊಬ್ಬ ಬಾಡಿಗೆಯ ಕೋಣೆಯಲ್ಲಿ ಕುಳಿತು ಪುಟ ತಿರುವುತ್ತಾನೆ. ಎಡಪುಟದಲ್ಲಿ ಅವನ ವರ್ಷದ ಸಂಬಳಕ್ಕೆ ಸಮನಾದ ಕೈಗಡಿಯಾರ. ಬಲಪುಟದಲ್ಲಿ ಅವನಿಗಿಂತ ಎತ್ತರದ, ಅವನಿಗಿಂತ ಬಿಳುಪಿನ, ಅವನಿಗಿಂತ ಕಟ್ಟುಮಸ್ತಾದ ರೂಪದರ್ಶಿ. ‘ಇದು ನಿನ್ನ ಬಳಿ ಇರಲೇಬೇಕು’ ಎಂಬ ಪಟ್ಟಿಯೊಂದು ಅದರ ಹಿಂದೆಯೇ ಬರುತ್ತದೆ. ಪುಟ ಮುಗಿಯುವ ಹೊತ್ತಿಗೆ ಅವನಿಗೆ ಹೊಸದಾಗಿ ನಾಲ್ಕು ಕೊರತೆಗಳು ಹುಟ್ಟಿರುತ್ತವೆ. ಕೊರತೆ ಹುಟ್ಟದೆ ಸರಕು ಮಾರಾಟವಾಗದು. ನಮ್ಮ ದೇಶದಲ್ಲಿಯೇ 2005ರಲ್ಲಿ ‘ಫೇರ್ ಆ್ಯಂಡ್ ಹ್ಯಾಂಡ್ಸಮ್’ ಎಂಬ, ಗಂಡಸರ ಮೈಬಣ್ಣ ತಿಳಿಗೊಳಿಸುವುದೆಂದು ಹೇಳಿಕೊಂಡ ಲೇಪನ ಮಾರುಕಟ್ಟೆಗೆ ಬಂದುದನ್ನು ನೆನೆಯಿರಿ. ಬಿಸಿಲಿನಲ್ಲಿ ದುಡಿದು ಕಪ್ಪಾದ ಮೈಗಾಗಿ ಎಂದೂ ನಾಚದ ರೈತನ ಮಗನಿಗೆ, ನಿನ್ನ ಬಣ್ಣವೂ ಒಂದು ದೋಷವೆಂದು ಕಲಿಸಲಾಯಿತು. ಹೀಗೆ ಕಲಿತವನು ಕಂತಿನ ಮೇಲೆ ಬೂಟು ಕೊಳ್ಳುತ್ತಾನೆ. ಊರಿಗೆ ಕಳಿಸಬೇಕಾದ ಹಣ ಎರಡು ತಿಂಗಳು ತಡವಾಗುತ್ತದೆ. ಅದಕ್ಕಿಂತ ದುಃಖದ ಸಂಗತಿಯೆಂದರೆ, ಧೋತರ ಉಟ್ಟು ಭೇಟಿಗೆ ಬಂದ ತಂದೆಯನ್ನು ಗೆಳೆಯರಿಗೆ ಪರಿಚಯಿಸಲು ಅವನು ಹಿಂಜರಿಯತೊಡಗುತ್ತಾನೆ. ಚಂದಾದ ರಸೀದಿಯಲ್ಲಿ ಈ ಮೊತ್ತ ಎಲ್ಲಿಯೂ ಕಾಣುವುದಿಲ್ಲ.

ಹಾಗಾದರೆ ಚೆನ್ನಾಗಿ ಉಡುವುದೇ ತಪ್ಪೇ? ಖಂಡಿತ ಅಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ನಾಲ್ಕು ಜನರ ನಡುವೆ ಕೆಲಸ ಮಾಡುವವನು ಅಚ್ಚುಕಟ್ಟಾಗಿರುವುದು ಆ ನಾಲ್ವರಿಗೂ ತೋರುವ ಗೌರವ. ಇದಕ್ಕೆ ಬೇಕಾದ ತಿಳಿವಳಿಕೆ ಈ ಪತ್ರಿಕೆಗಳಲ್ಲಿ ದೊರೆಯುವುದೂ ನಿಜ. ಅಂಗಿಯ ಹೆಗಲ ಹೊಲಿಗೆ ಹೆಗಲಿನ ಅಂಚಿಗೆ ಸರಿಯಾಗಿ ಕೂಡಬೇಕು. ಗುಂಡಿ ಹಾಕಿದ ಕೊರಳಪಟ್ಟಿಯೊಳಗೆ ಎರಡು ಬೆರಳು ಆಡುವಷ್ಟು ಸಡಿಲವಿರಬೇಕು. ಎರಡು ಗುಂಡಿಯ ಕೋಟಿನಲ್ಲಿ ಕೆಳಗಿನ ಗುಂಡಿಯನ್ನು ಹಾಕುವುದಿಲ್ಲ. ಚರ್ಮದ ಬೂಟನ್ನು ದಿನವೂ ಮೆಟ್ಟದೆ ಒಂದು ದಿನ ಬಿಟ್ಟು ಒಂದು ದಿನ ಮೆಟ್ಟಿದರೆ ಬೆವರು ಆರಿ ಅದು ಹೆಚ್ಚು ಕಾಲ ಬಾಳುತ್ತದೆ. ಇವೆಲ್ಲ ಉಪಯುಕ್ತ ಮಾತುಗಳೇ. ಆದರೆ ಇಂಥ ಹತ್ತಿಪ್ಪತ್ತು ನಿಯಮಗಳನ್ನು ಒಮ್ಮೆ ಕಲಿತರೆ ಆಯುಷ್ಯಕ್ಕೆ ಸಾಕು. ಊರಿನ ಅನುಭವಸ್ಥ ಸಿಂಪಿಗನೂ ಇವನ್ನು ಹೇಳಿಕೊಟ್ಟಾನು. ವರ್ಷವರ್ಷವೂ ಬದಲಾಗುವುದು ಕೊರಳಪಟ್ಟಿಯ ಅಗಲ ಮತ್ತು ಪ್ಯಾಂಟಿನ ಬಿಗಿ ಮಾತ್ರ. ಅಲ್ಲದೆ ಪಶ್ಚಿಮದ ಸಂಚಿಕೆಗಳು ಅಲ್ಲಿನ ಋತುಮಾನಕ್ಕೆ ತಕ್ಕಂತೆ ಉಣ್ಣೆಯ ನಿಲುವಂಗಿಗಳನ್ನು ವರ್ಣಿಸುತ್ತವೆ. ಕಲಬುರ್ಗಿ, ರಾಯಚೂರುಗಳ ಬಿಸಿಲಿಗೆ ಹತ್ತಿಯೇ ಗತಿ.

ಆದಕಾರಣ ನಮ್ಮ ಸಲಹೆ ಇಷ್ಟು. ಮೊದಲು ಚಂದಾ ಬೇಡ. ಬಿಡಿ ಪ್ರತಿಗಳನ್ನು ಎರಡು ತಿಂಗಳು ಕೊಂಡು, ಇಲ್ಲವೇ ಗ್ರಂಥಾಲಯದಲ್ಲಿ ದೊರೆತರೆ ಅಲ್ಲಿಯೇ ಓದಿ ನೋಡಿ. ಸಂಚಿಕೆಯ ಜಾಹೀರಾತು ಪುಟಗಳನ್ನೂ ಬರೆಹದ ಪುಟಗಳನ್ನೂ ಬೇರೆ ಬೇರೆ ಎಣಿಸಿ. ಬರೆಹದಲ್ಲಿ ವಸ್ತುಗಳ ಹೊಗಳಿಕೆ ಎಷ್ಟು, ಮನುಷ್ಯನ ವಿಚಾರ ಎಷ್ಟು ಎಂದು ವಿಂಗಡಿಸಿ. ಓದಿ ಮುಗಿಸಿದ ಸಂಜೆ ಮನಸ್ಸು ಅರಳಿದೆಯೋ ಕುಗ್ಗಿದೆಯೋ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿ. ಚಂದಾ ಕಟ್ಟುವುದೇ ನಿಶ್ಚಯವಾದರೆ ಒಂದೇ ವರ್ಷಕ್ಕೆ ಕಟ್ಟಲಿ. ಅವಧಿ ಮುಗಿದೊಡನೆ ಬ್ಯಾಂಕಿನ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆಯನ್ನು ಕೊಡದಿರಲಿ.

ಹಿರಿಯರಿಗೂ ಒಂದು ಮಾತು. ಮಗನು ರಜೆಗೆ ಬಂದಾಗ, ‘ಈ ಸಂಚಿಕೆಯಲ್ಲಿ ನೀನು ಮೆಚ್ಚಿದ ಬರೆಹ ಯಾವುದಪ್ಪಾ? ನಮಗೂ ಕನ್ನಡದಲ್ಲಿ ಹೇಳು’ ಎಂದು ಕೇಳಿರಿ. ರಾತ್ರಿಯ ಊಟದ ಹೊತ್ತಿಗೆ ಮನೆಮಂದಿಗೆಲ್ಲ ಹೇಳಬಹುದಾದ ಒಂದು ಸಂಗತಿ ಪ್ರತಿ ಸಂಚಿಕೆಯಲ್ಲೂ ಅವನಿಗೆ ಸಿಗುತ್ತಿದ್ದರೆ ಆ ಚಂದಾ ಸಾರ್ಥಕ, ಸಂತೋಷದಿಂದ ಕಟ್ಟಲಿ. ಹೇಳಲು ಏನೂ ಇಲ್ಲದೆ, ತೋರಿಸಲು ಬೆಲೆಯ ಚೀಟಿಗಳು ಮಾತ್ರ ಇದ್ದರೆ, ಮುಂದಿನ ವರ್ಷ ಚಂದಾ ನಿಲ್ಲಿಸುವ ತೀರ್ಮಾನವನ್ನು ಅವನೇ ಮಾಡಿಯಾನು. ಆ ತೀರ್ಮಾನ ಅವನದೇ ಆಗಿರಲಿ.