ದಫ್ತರ ಬಿಚ್ಚೋಣ: ನಮ್ಮ ಪ್ರಣಾಳಿಕೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ನಾವು ಕೆಲವರು ಒಂದು ಕೆಲಸಕ್ಕೆ ಕೂಡಿದ್ದೇವೆ. ಹೈದರಾಬಾದಿನ ನಿಜಾಮನ ಆಳ್ವಿಕೆ ನಮ್ಮ ಊರುಗಳಲ್ಲಿ ಹೇಗೆ ಮುರಿದು ಬಿತ್ತೆಂಬುದನ್ನು, ಕಂಡವರು ಬದುಕಿರುವಾಗಲೇ ಬರೆದಿಡುವುದು. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಕಾಯುವ ಹೊತ್ತಲ್ಲ ಇದು.

ನಮ್ಮ ಮಕ್ಕಳು ಫ್ರಾನ್ಸಿನ ಕ್ರಾಂತಿ ಓದುತ್ತಾರೆ. 1793ರಲ್ಲಿ ಹದಿನಾರನೇ ಲೂಯಿಯ ತಲೆ ಹೋದದ್ದು ಅವರಿಗೆ ಬಾಯಿಪಾಠ. ಮುತ್ತಜ್ಜ ಯಾಕೆ ರಾತ್ರೋರಾತ್ರಿ ತುಂಗಭದ್ರೆ ದಾಟಿ ಬಳ್ಳಾರಿ ಸೀಮೆಗೆ ಹೋದನೆಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ.

1947ರ ಆಗಸ್ಟ್ 15ರಂದು ಹೊಳೆಯ ಆಚೆ ದಂಡೆಗೆ ಸ್ವಾತಂತ್ರ್ಯ ಬಂತು, ಈಚೆ ದಂಡೆಗೆ ಬರಲಿಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತ ಸೇರಲೊಲ್ಲ. ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹಕ್ಕೆ ಕರೆ ಕೊಟ್ಟಿತು, ಜೈಲುಗಳು ತುಂಬಿದವು. ನಿಜಾಮನ ಪರ ನಿಂತ ಕಾಸಿಂ ರಜ್ವಿಯ ಪಡೆ, ರಜಾಕಾರರು, ಹಳ್ಳಿಗೆ ನುಗ್ಗತೊಡಗಿದಾಗ ಜನ ಗಡಿಯಾಚೆಯ ಮುಂಡರಗಿ, ಗಜೇಂದ್ರಗಡದ ಶಿಬಿರಗಳಿಗೆ ಹೋದರು. ಅಳವಂಡಿ ಶಿವಮೂರ್ತಿಸ್ವಾಮಿಯವರಂಥವರು ಮುಂದೆ ನಿಂತರು. ಸುಂಕದ ಕರೋಡಗಿರಿ ನಾಕಾ, ಪೊಲೀಸ್ ಠಾಣೆ, ನಿಜಾಮನ ಕೈ ಎಲ್ಲೆಲ್ಲಿ ಕಾಣುತ್ತಿತ್ತೋ ಅಲ್ಲಲ್ಲಿ ಏಟು ಬಿತ್ತು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಬಂತು, 17ಕ್ಕೆ ನಿಜಾಮ ಶರಣಾದ. ಆ ಐದು ದಿನದ ‘ಪೊಲೀಸ್ ಆಕ್ಷನ್’ ಎಲ್ಲರ ಬಾಯಲ್ಲಿದೆ. ಅದಕ್ಕೂ ಮುಂಚಿನ ಹದಿಮೂರು ತಿಂಗಳು ನಮಗೆ ಬೇಕು. ಶಿಬಿರದವರಿಗೆ ರೊಟ್ಟಿ ಬಡಿದು ಬುತ್ತಿ ಕಟ್ಟಿದ ಅವ್ವಂದಿರ ಹೆಸರು ಬೇಕು.

1910ರಲ್ಲಿ ಪೋರ್ಚುಗಲ್ಲಿನ ದೊರೆ ಹಡಗು ಹತ್ತಿ ದೇಶ ಬಿಟ್ಟ. ನಮ್ಮ ದೊರೆಯ ನಸೀಬು ಬೇರೆ: 1950ರಿಂದ 1956ರವರೆಗೆ ರಾಜ್ಯಪಾಲನಿಗೆ ಸಮನಾದ ರಾಜಪ್ರಮುಖನಾಗಿ ಅರಮನೆಯಲ್ಲೇ ಇದ್ದ!

ನಮ್ಮೊಳಗೇ ಜಗಳ ಎಬ್ಬಿಸಿದ ಮಾತೂ ಒಂದಿದೆ. ಸೈನ್ಯ ಬಂದ ಮೇಲೆ ಕಲಬುರಗಿ, ಬೀದರ್ ಕಡೆ ಏನೂ ಅರಿಯದ ಮುಸಲ್ಮಾನರ ಕೊಲೆಗಳಾದವು. ಸಂಸ್ಥಾನದಾದ್ಯಂತ ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಪಂಡಿತ್ ಸುಂದರಲಾಲ್ ಸಮಿತಿ ಅಂದಾಜಿಸಿತು. ಆ ವರದಿ ಹಲವು ದಶಕ ಕತ್ತಲಲ್ಲಿತ್ತು. ಇದನ್ನು ಬಿಟ್ಟು ವಿಮೋಚನೆಯ ಕಥೆ ಬರೆಯೋಣವೆಂದವರ ಮಾತಿಗೆ ನಾವು ಒಪ್ಪಲಿಲ್ಲ. ರಜಾಕಾರರಿಂದ ಮನೆ ಸುಡಿಸಿಕೊಂಡವರ ಮಾತಿನ ಪಕ್ಕದಲ್ಲೇ ಈ ಕೊಲೆಗಳಲ್ಲಿ ತಮ್ಮವರನ್ನು ಕಳಕೊಂಡವರ ಮಾತೂ ಕೂರುತ್ತದೆ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿದೆ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು 1915ರಲ್ಲಿ ಜಗತ್ತಿಗೆ ಖಾತ್ರಿಯಾದದ್ದು ಅದರಿಂದಲೇ. ಎರಡು ಸಾವಿರ ವರ್ಷ ದಾಟಿದ ಅರಸನ ಹೆಸರು ಉಳಿದ ನೆಲದಲ್ಲಿ ಮೊನ್ನೆ ಮೊನ್ನೆಯ ಒಕ್ಕಲಿಗನ, ಕೂಲಿಯವನ ಹೆಸರು ಅಳಿಯುತ್ತಿದೆ.

ಆದ್ದರಿಂದ ಹಳ್ಳಿ ಹಳ್ಳಿಗೆ ಹೋಗಿ ಕಟ್ಟೆಯ ಮೇಲೆ ಕೂತು ಕೇಳುತ್ತೇವೆ, ಫೋನಿನಲ್ಲಿ ದನಿ ಹಿಡಿಯುತ್ತೇವೆ, ಹೇಳಿದವರ ಮಾತನ್ನು ಅವರ ಆಡುಮಾತಿನಲ್ಲೇ ಬರೆಯುತ್ತೇವೆ. ಯಾವ ಪಕ್ಷದ ರೊಕ್ಕವನ್ನೂ ಮುಟ್ಟುವುದಿಲ್ಲ. ನಿಜಾಮನ ಕಾಲದ ಕಾಗದಪತ್ರಗಳು ಉರ್ದುವಿನಲ್ಲಿವೆ, ನಮಗೆ ಓದಲು ಬಾರದು. ಉರ್ದು ಬಲ್ಲ ಹಿರಿಯ ಮಾಸ್ತರರೇ, ಮೊದಲ ಕರೆ ನಿಮಗೆ. ನಿಮ್ಮ ಮನೆಗೆ ಗಂಟು ಹೊತ್ತು ಬರುತ್ತೇವೆ, ಓದಿ ಹೇಳಿ.