ಮೂಲೆಯಲ್ಲಿರುವ ದಿನಾಂಕ ಯಾರದ್ದು?

ಕಳೆದ ಬಾರಿ ಕೆಲಸ ಹುಡುಕುತ್ತಿದ್ದ ದಿನಗಳು. 2024ರ ಫೆಬ್ರುವರಿ ಕೊನೆಯ ವಾರ. ನನ್ನ ಲ್ಯಾಪ್‌ಟಾಪ್‌ನ ಬಲಗಡೆ ಮೂಲೆಯಲ್ಲಿ ದಿನಾಂಕ 2/28/2024 ಎಂದು ಕಾಣುತ್ತಿತ್ತು. ‘ಇಪ್ಪತ್ತೆಂಟನೇ ತಿಂಗಳು ಯಾವುದೇ ಮಾರಾಯ್ತಿ?’ ಎಂದು ಗೆಳತಿ ನಕ್ಕಳು. ನಾನೂ ನಕ್ಕೆ. ಸೆಕೆಂಡ್‌ಹ್ಯಾಂಡ್ ಯಂತ್ರ ಅದು. ಅಮೆರಿಕದವರ ಪದ್ಧತಿಯಂತೆ ತಿಂಗಳು ಮೊದಲು, ದಿನ ಆಮೇಲೆ ಬರುವಂತೆ ಇತ್ತು. ಗಂಟೆ ಸರಿ ತೋರಿಸುತ್ತದಲ್ಲ, ಸಾಕು ಎಂದು ಸುಮ್ಮನಾದೆ.

ಎಲ್ಲರಂತೆ ನಾನೂ ಅರ್ಜಿಗಳ ಕೊನೆಯ ದಿನಾಂಕಗಳನ್ನು ಎಕ್ಸೆಲ್‌ನಲ್ಲಿ ಬರೆದಿಡುತ್ತಿದ್ದೆ. ದಿನಾಂಕದ ಪ್ರಕಾರ ಜೋಡಿಸಿ, ಬೆಳಿಗ್ಗೆ ಎದ್ದು ಮೇಲಿನ ಮೂರು ಸಾಲು ನೋಡಿದರೆ ಆಯಿತು. ಮೇಲೆ 1/4/2024, 2/4/2024, 3/4/2024 ಇದ್ದವು. ಏಪ್ರಿಲ್‌ವರೆಗೆ ಅವಸರವಿಲ್ಲ ಎಂದು ನಿಶ್ಚಿಂತೆಯಾಗಿದ್ದೆ. ನಾಲ್ಕನೇ ಸಾಲಿನಲ್ಲಿ 5/3/2024 ಕುಳಿತಿತ್ತು. ಅದು ಮಾರ್ಚ್ 5. ಆರು ತಿಂಗಳಿಂದ ಕಾದಿದ್ದ ಹುದ್ದೆ. ಕಣ್ಣಿಗೆ ಬೀಳುವ ಹೊತ್ತಿಗೆ ಎರಡು ದಿನ ಕಳೆದಿತ್ತು.

ಕೋಪ ಬಂದಿದ್ದು ಎಕ್ಸೆಲ್ ಮೇಲೆ. ಆದರೆ ಅದು ತಪ್ಪು ಮಾಡಿರಲಿಲ್ಲ. ನಾವು ಟೈಪಿಸಿದ ದಿನಾಂಕವನ್ನು ಹೇಗೆ ಓದಬೇಕೆಂದು ಅದು ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್‌ನಿಂದಲೇ ತಿಳಿಯುತ್ತದೆ. ಮೂಲೆಯ ಗಡಿಯಾರವೂ ಅದೇ ಸೆಟ್ಟಿಂಗ್ ಪ್ರಕಾರವೇ ದಿನಾಂಕ ತೋರಿಸುವುದು. ಹಾಗಾಗಿ ನನ್ನ ಏಪ್ರಿಲ್ 1 ಅದಕ್ಕೆ ಜನವರಿ 4, ನನ್ನ ಮಾರ್ಚ್ 5 ಅದಕ್ಕೆ ಮೇ 3. ಪರದೆಯ ಮೇಲೆ ಮಾತ್ರ ಅಂಕಿಗಳು ನಾನು ಬರೆದಂತೆಯೇ ಇದ್ದವು. ಅದಕ್ಕೇ ಅನುಮಾನ ಬರಲಿಲ್ಲ. 25/3/2024 ಎಂದು ಬರೆದಿದ್ದರೆ ಇಪ್ಪತ್ತೈದನೇ ತಿಂಗಳು ಸಿಗದೆ, ಅದನ್ನು ದಿನಾಂಕವೆಂದೇ ಒಪ್ಪದೆ ಅಕ್ಷರಗಳಂತೆ ಎಡಕ್ಕೆ ಸರಿಸಿಡುತ್ತದೆ. ನಿಮ್ಮ ಪಟ್ಟಿಯಲ್ಲಿ ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಅಂಟಿಕೊಂಡಿದ್ದರೆ ಇವತ್ತೇ ಪರೀಕ್ಷಿಸಿ.

ಡೆಸ್ಕ್‌ಟಾಪ್ ಸಿಂಗರಿಸುವುದರಲ್ಲಿ ನಮ್ಮ ಹುಡುಗರು ಹಿಂದೆ ಬಿದ್ದವರಲ್ಲ. ರೈನ್‌ಮೀಟರ್ ಹಾಕಿ ಪರದೆಯ ಅರ್ಧದಷ್ಟು ದೊಡ್ಡ ಗಡಿಯಾರ ಕೂರಿಸುತ್ತಾರೆ. ವಿಂಡೋಸ್ 11ರಲ್ಲಿ ಸೆಕೆಂಡ್ ಕೂಡ ಓಡಿಸುತ್ತಾರೆ, ವಿದ್ಯುತ್ ಹೆಚ್ಚು ಬೇಕಾಗುತ್ತದೆ ಎಂದು ಆ ಆಯ್ಕೆಯ ಪಕ್ಕದಲ್ಲೇ ಬರೆದಿದ್ದರೂ! ದಿನಾಂಕದ ಕ್ರಮ ಮಾತ್ರ ಅಮೆರಿಕದ್ದೇ. ಅಲಂಕಾರ ಬೇಡ ಎನ್ನುತ್ತಿಲ್ಲ. ಮೊದಲು ಅದು ನಮ್ಮ ದಿನಾಂಕ ಹೇಳಲಿ ಎನ್ನುತ್ತಿದ್ದೇನೆ.

ಕೆಲಸ ಐದು ನಿಮಿಷದ್ದು. ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ಗೆ ಹೋಗಿ ಇಂಗ್ಲಿಷ್ (ಇಂಡಿಯಾ) ಆರಿಸಿದರೆ ದಿನ ಮೊದಲು ಬರುತ್ತದೆ. ನಾನು ಇನ್ನೂ ಒಂದು ಹೆಜ್ಜೆ ಹೋದೆ. ಅಡಿಷನಲ್ ಸೆಟ್ಟಿಂಗ್ಸ್‌ನಲ್ಲಿ ಶಾರ್ಟ್ ಡೇಟ್ ಎಂಬಲ್ಲಿ ತಿಂಗಳಿಗೆ ಎರಡು ‘ಎಂ’ ಬದಲು ಮೂರು ಹಾಕಿದೆ. ಆಗ ತಿಂಗಳು ಅಂಕಿಯಲ್ಲಿ ಬರದೆ ಹೆಸರಿನಲ್ಲಿ ಬರುತ್ತದೆ, ಗೊಂದಲಕ್ಕೆ ಜಾಗವೇ ಇಲ್ಲ. ಮುಂದೆ ಮೂರು ‘ಡಿ’ ಸೇರಿಸಿದರೆ ವಾರದ ಹೆಸರೂ ಬರುತ್ತದೆ. ‘ಎಂ’ ದೊಡ್ಡ ಅಕ್ಷರದ್ದೇ ಇರಲಿ. ಚಿಕ್ಕ ‘ಎಂ’ ಎಂದರೆ ನಿಮಿಷ. ಭಾಷೆಯನ್ನು ಕನ್ನಡ ಮಾಡಿಕೊಂಡರೆ ಮಂಗಳವಾರ ಮಂಗಳವಾರವಾಗಿಯೇ ಕಾಣುತ್ತದೆ. (ಸಮಯ ವಲಯದ ಪಟ್ಟಿಯಲ್ಲಿ ಮಾತ್ರ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಇವೆ. ಐಟಿ ರಾಜಧಾನಿ ಎಂದು ಬೀಗುವ ನಮ್ಮ ಬೆಂಗಳೂರಿಲ್ಲ!)

ಒಂದು ಎಚ್ಚರಿಕೆ. ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಹಳೆಯ ಪಟ್ಟಿ ಸರಿಯಾಗದು. ಎಕ್ಸೆಲ್ ದಿನಾಂಕವನ್ನು 1900ರ ಜನವರಿ 1ರಿಂದ ಎಣಿಸಿದ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಒಮ್ಮೆ ಮೇ 3 ಎಂದು ಬರೆದುಕೊಂಡಿದ್ದು ಮೇ 3 ಆಗಿಯೇ ಉಳಿಯುತ್ತದೆ. ನಾನು ಒಂದೊಂದನ್ನೂ ಮತ್ತೆ ಟೈಪಿಸಿದೆ. ಇನ್ನು ಕಾಲೇಜಿನ ಲ್ಯಾಬ್, ಸೈಬರ್ ಸೆಂಟರ್‌ಗಳಲ್ಲಿ ಕೇಳದೆ ಏನನ್ನೂ ಬದಲಿಸಬೇಡಿ. ಅಲ್ಲಿನ ಲೆಕ್ಕದ ತಂತ್ರಾಂಶ ಅದೇ ಕ್ರಮವನ್ನು ನಂಬಿಕೊಂಡಿರಬಹುದು. ಕುಳಿತ ತಕ್ಷಣ ಮೂಲೆಯತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು.

‘ಫೋನ್‌ನಲ್ಲಿ ಎಲ್ಲ ಇರುತ್ತಲ್ಲ, ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀ?’ ಎನ್ನುತ್ತಾನೆ ತಮ್ಮ. ಮೊನ್ನೆ ಅವನ ಲ್ಯಾಪ್‌ಟಾಪ್ ಪಕ್ಕದಲ್ಲೇ ಕುಳಿತು ಅರ್ಜಿ ತುಂಬುತ್ತಿದ್ದೆ. ಮೂಲೆಯಲ್ಲಿ ತಿಂಗಳು ಮೊದಲು, ದಿನ ಆಮೇಲೆ! ಅವನು ಟೀ ತರಲು ಒಳಗೆ ಹೋದಾಗ ನಾನೇ ಬದಲಿಸಿಟ್ಟೆ. ಇನ್ನೂ ಗಮನಿಸಿಲ್ಲ.