ಜಗಜ್ಜೆಟ್ಟಿಗೆ ಕ್ಷಮಾದಾನ

ಗೆದ್ದವನ ಕೊರಳಿಗೆ ಹಾರ ಹಾಕುವುದು ಲೋಕರೂಢಿ. ಗೆಲುವೇ ಮುಳುವಾಗಿ ಸೆರೆಮನೆ ಸೇರಿದ ಜಟ್ಟಿಯೊಬ್ಬನ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇವೆ.

ಜಾಕ್ ಜಾನ್ಸನ್ ಜನಿಸಿದುದು 1878ರಲ್ಲಿ, ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಗ್ಯಾಲ್ವೆಸ್ಟನ್ ಎಂಬ ರೇವುಪಟ್ಟಣದಲ್ಲಿ. ತಂದೆತಾಯಿಗಳಿಬ್ಬರೂ ಹಿಂದೆ ಗುಲಾಮರಾಗಿದ್ದವರು. ಹಡಗುಕಟ್ಟೆಯಲ್ಲಿ ಕೂಲಿ ಮಾಡಿದ ಹುಡುಗ ಮುಷ್ಟಿಯುದ್ಧದಲ್ಲಿ ಎಣೆಯಿಲ್ಲದವನಾದನು. ಆದರೆ ಹೆವಿವೆಯ್ಟ್ ವರ್ಗದ ಜಗಜ್ಜೆಟ್ಟಿಯ ಪದವಿಗಾಗಿ ಸೆಣಸುವ ಅವಕಾಶ ಕರಿಯರಿಗಿರಲಿಲ್ಲ. ಜೇಮ್ಸ್ ಜೆಫ್ರೀಸನು ಕರಿಯರೊಡನೆ ಆ ಪದವಿಗಾಗಿ ಹೋರಾಡಲು ಒಪ್ಪದೆ, ಅಜೇಯನಾಗಿಯೇ 1905ರಲ್ಲಿ ನಿವೃತ್ತನಾದನು. ಮುಂದೆ ಪದವಿಗೇರಿದ ಟಾಮಿ ಬರ್ನ್ಸನ ಬೆನ್ನುಹತ್ತಿ ಜಾನ್ಸನ್ ಆಸ್ಟ್ರೇಲಿಯದವರೆಗೂ ಹೋಗಬೇಕಾಯಿತು. 1908ರ ಡಿಸೆಂಬರ್ 26ರಂದು, ಸಿಡ್ನಿಯಲ್ಲಿ, 14ನೆಯ ಸುತ್ತಿನಲ್ಲಿ ಪೋಲೀಸರೇ ಕಾಳಗವನ್ನು ನಿಲ್ಲಿಸಿದರು. ಬರ್ನ್ಸನ ಪಾಡು ಹಾಗಾಗಿತ್ತು!

ಅನೇಕ ಬಿಳಿಯರಿಗೆ ಇದು ನುಂಗಲಾರದ ತುತ್ತಾಯಿತು. ಅವರ ಒತ್ತಾಯಕ್ಕೆ ಮಣಿದು ಜೆಫ್ರೀಸನು ಮತ್ತೆ ಅಖಾಡಕ್ಕಿಳಿದನು. 1910ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ನೆವಾಡದ ರೀನೋ ಪಟ್ಟಣದಲ್ಲಿ, 15ನೆಯ ಸುತ್ತಿನಲ್ಲಿ, ಅದುವರೆಗೆ ನೆಲಕ್ಕುರುಳದಿದ್ದ ಜೆಫ್ರೀಸ್ ಮತ್ತೆ ಮತ್ತೆ ಉರುಳಿದನು. ತಂತಿಯ ಮೂಲಕ ಸುದ್ದಿ ಹಬ್ಬಿತು. ಅಂದು ರಾತ್ರಿ ಹಲವು ನಗರಗಳಲ್ಲಿ ದಂಗೆಗಳೆದ್ದು, ಹಲವರು ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಹೆಚ್ಚಿನವರು ಕರಿಯರು.

ಜಾನ್ಸನ್ ಸಾಧುವೇನೂ ಆಗಿರಲಿಲ್ಲ. ವೇಗದ ಮೋಟಾರು, ಬೆಲೆಬಾಳುವ ಉಡುಪು, ಎದುರಾಳಿಯನ್ನು ಕೆಣಕುವ ನಗೆ ಇವೆಲ್ಲ ಅವನಿಗೆ ಪ್ರಿಯ. ಬಿಳಿಯ ಸ್ತ್ರೀಯರನ್ನು ವಿವಾಹವಾದುದನ್ನಂತೂ ಅಂದಿನ ಸಮಾಜ ಸಹಿಸಲಿಲ್ಲ. ಅಖಾಡದಲ್ಲಿ ಮಣಿಯದವನನ್ನು ನ್ಯಾಯಾಲಯ ಮಣಿಸಿತು. ಅನೈತಿಕ ಉದ್ದೇಶಕ್ಕಾಗಿ ಹೆಂಗಸರನ್ನು ಸಂಸ್ಥಾನದ ಗಡಿ ದಾಟಿಸುವುದನ್ನು ನಿಷೇಧಿಸಿದ ಕಾನೂನನ್ನು, ಅವನು ತನ್ನ ಗೆಳತಿಯೊಡನೆ ಮಾಡಿದ ಪ್ರಯಾಣಕ್ಕೆ ಅನ್ವಯಿಸಲಾಯಿತು. 1913ರಲ್ಲಿ, ಬಿಳಿಯರೇ ತುಂಬಿದ್ದ ಪಂಚಾಯತರ ಮಂಡಲಿ ಅವನನ್ನು ಅಪರಾಧಿಯೆಂದಿತು. ಶಿಕ್ಷೆ, ಒಂದು ವರ್ಷ ಒಂದು ದಿನದ ಸೆರೆ.

ಜಾನ್ಸನ್ ದೇಶಬಿಟ್ಟು ಓಡಿಹೋದನು. 1915ರಲ್ಲಿ ಹವಾನಾ ನಗರದಲ್ಲಿ, 26ನೆಯ ಸುತ್ತಿನಲ್ಲಿ, ಜೆಸ್ ವಿಲ್ಲರ್ಡನಿಗೆ ಸೋತು ಪದವಿಯನ್ನೂ ಕಳೆದುಕೊಂಡನು. 1920ರಲ್ಲಿ ತಾನಾಗಿಯೇ ಮರಳಿ ಶರಣಾಗಿ ಸೆರೆವಾಸವನ್ನು ಅನುಭವಿಸಿದನು. ಆ ಪದವಿಯನ್ನು ಮತ್ತೊಬ್ಬ ಕರಿಯನು, ಜೋ ಲೂಯಿಸ್, ಏರಲು 1937 ಬರಬೇಕಾಯಿತು. ಜಾನ್ಸನ್ 1946ರಲ್ಲಿ ಮೋಟಾರು ಅಪಘಾತದಲ್ಲಿ ಮಡಿದನು.

2018ರ ಮೇ 24ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವನಿಗೆ ಕ್ಷಮಾದಾನ ನೀಡಿದರು. ತೀರ್ಪಾಗಿ 105 ವರ್ಷ, ಅವನು ಸತ್ತು 72 ವರ್ಷ ಕಳೆದಿದ್ದವು. ಸರ್ಕಾರ ಜಾನ್ಸನನನ್ನು ಕ್ಷಮಿಸಿತು, ಸರಿ. ಆದರೆ ಸರ್ಕಾರವನ್ನು ಕ್ಷಮಿಸಲು ಜಾನ್ಸನ್ ಎಲ್ಲಿದ್ದ?